ಸ್ಟೀಲ್ ಡಬ್ಬಿಯ ದೋಸೆ ಹಿಟ್ಟು

ಪ್ರಶ್ನೆ: ನನಗೆ 34 ವರ್ಷ. ಮನೆ ಕೆಂಗೇರಿ, ಕೆಲಸ ವೈಟ್‌ಫೀಲ್ಡ್. ಮೆಟ್ರೋ ಬಂದ ಮೇಲೆ ಪರವಾಗಿಲ್ಲ, ಆದರೂ ಮನೆ ಬೀಗ ತೆಗೆಯೋ ಹೊತ್ತಿಗೆ ರಾತ್ರಿ ಎಂಟಾಗುತ್ತೆ. ಗಂಡ, ಆರು ವರ್ಷದ ಮಗಳು ಇದ್ದಾರೆ. ವಾರದಲ್ಲಿ ಎರಡು ರಾತ್ರಿ ಪ್ಯಾಕೆಟ್ ಹಿಟ್ಟಿನ ದೋಸೆ, ಒಂದು ರಾತ್ರಿ ಅಂಗಡಿಯ ಅರೆಬೆಂದ ಚಪಾತಿ, ಒಂದು ರಾತ್ರಿ ಆನ್‌ಲೈನ್ ಆರ್ಡರ್. ಉಳಿದ ದಿನ ಅನ್ನ ಸಾರು.

ನಮ್ಮತ್ತೆ ಅರಸೀಕೆರೆ ಹತ್ತಿರ ಒಂದು ಹಳ್ಳಿಯಲ್ಲಿದ್ದಾರೆ. ಅವರಿಗೆ ಹೊರಗಿನ ಹಿಟ್ಟು ಅಂದರೆ ಆಗಲ್ಲ. ಹೋದ ದಸರಾಗೆ ಬಂದಾಗ ನಾನು ಪ್ಯಾಕೆಟ್ ಕತ್ತರಿಸಿ, ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಸುರಿದು, ಖಾಲಿ ಪ್ಯಾಕೆಟ್ಟನ್ನು ಹ್ಯಾಂಡ್‌ಬ್ಯಾಗಿನಲ್ಲಿ ಒಯ್ದು ಆಫೀಸಿನ ಕಸದ ಬುಟ್ಟಿಗೆ ಹಾಕಿದೆ. ಅತ್ತೆ ದೋಸೆ ತಿಂದು ‘ಏನು ಹದ ಕಣೇ ನಿನ್ನ ಕೈದು’ ಅಂತ ಹೊಗಳಿದರು. ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದರು. ಅಳತೆ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ: ಐದು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಮೆಂತ್ಯ ಹಾಕಲ್ಲ ಅಂತ. ಊರಿಗೆ ಹೋಗಿ ಹಾಗೇ ಮಾಡಿದರಂತೆ, ಬರಲಿಲ್ಲವಂತೆ. ‘ವಯಸ್ಸಾಯ್ತು, ಕೈ ಹದ ಹೋಯ್ತು’ ಅಂದರು. ಅದಿರಲಿ. ಈಗ ಅವರಿಗೆ ಮಂಡಿ ಆಪರೇಷನ್ ಆಗಿದೆ. ಮುಂದಿನ ತಿಂಗಳಿಂದ ಮೂರು ತಿಂಗಳು ನಮ್ಮಲ್ಲೇ ಇರುತ್ತಾರೆ. ಗಂಡ ‘ಸುಮ್ನಿರು, ಹೇಗೋ ನಡೆಯುತ್ತೆ’ ಅಂತಾರೆ. ಐದು ಗಂಟೆಗೆ ಎದ್ದು ರುಬ್ಬೋಕೆ ಶುರು ಮಾಡಲಾ? ನಿಜ ಹೇಳಿಬಿಡಲಾ?

— ಹೆಸರು ಬೇಡ, ಬೆಂಗಳೂರು

ಉತ್ತರ: ಖಾಲಿ ಪ್ಯಾಕೆಟ್ಟನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟು ಊರಿನ ಈ ತುದಿಯಿಂದ ಆ ತುದಿಗೆ ಒಯ್ದಿರಲ್ಲ, ಅದನ್ನು ಓದಿ ಒಂದು ಸಲ ನಕ್ಕೆ. ಆಮೇಲೆ ನನ್ನದೇ ನೆನಪಾಯಿತು.

ನಾನೂ 32 ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗಿ ಬಂದವಳು. ಒಂದು ಗೌರಿ ಹಬ್ಬಕ್ಕೆ ಚಕ್ಕುಲಿ ಮಾಡೋಕೆ ಆಗಲಿಲ್ಲ. ನಮ್ಮ ಬೀದಿ ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯಿಂದ ಒಂದು ಕೆಜಿ ತಂದು, ಮನೆಯ ಡಬ್ಬಕ್ಕೆ ಹಾಕಿ, ಮೇಲೆ ಹಳೆ ಪೇಪರ್ ಹೊದಿಸಿ, ನಾನೇ ಕರಿದ ಹಾಗೆ ಇಟ್ಟಿದ್ದೆ. ನಮ್ಮತ್ತೆ ತಿಂದರು, ಏನೂ ಅನ್ನಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಅವರೇ ಮಾತಿಗೆ ಮಾತು ಬಂದು ಅಂದರು: ‘ಆ ಅಂಗಡಿಯವನು ಓಮ ಸ್ವಲ್ಪ ಜಾಸ್ತಿ ಹಾಕ್ತಿದ್ದ, ಅಲ್ವಾ?’ ಅಷ್ಟೇ. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಹಾಗಾಗಿ ನಿಮ್ಮ ಪತ್ರ ಓದುವಾಗ ‘ಇವರತ್ತೆಗೂ ಗೊತ್ತೇ ಇರುತ್ತೆ ಬಿಡಿ’ ಅಂದುಕೊಂಡೆ. ಆದರೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಊರಿಗೆ ಹೋಗಿ ನಿಮ್ಮ ಅಳತೆಯಲ್ಲಿ ಅಕ್ಕಿ ನೆನೆಹಾಕುತ್ತಿರಲಿಲ್ಲ.

ಇಡೀ ಪತ್ರದಲ್ಲಿ ನಾನು ನಿಂತದ್ದು ಅಲ್ಲಿ. ನೀವು ಅದನ್ನು ಎರಡು ಸಾಲಲ್ಲಿ ಹೇಳಿ, ‘ಅದಿರಲಿ’ ಅಂತ ಮುಂದೆ ಹೋಗಿದ್ದೀರಿ. ಐದಕ್ಕೆ ಒಂದು, ಮೆಂತ್ಯವೂ ಇಲ್ಲ ಅಂದರೆ ಎಂಥವರ ಕೈಯಲ್ಲೂ ಆ ಹಿಟ್ಟು ಸರಿಯಾಗಿ ಉಬ್ಬೋದು ಕಷ್ಟ ಕಣ್ರೀ. ಅಕ್ಕಿಗೆ ಅಂಟಿಲ್ಲ. ಹುಳಿ ಬರುವಾಗ ಏಳುವ ಗಾಳಿಯನ್ನು ಹಿಡಿದಿಡೋದು ಉದ್ದಿನ ಅಂಟು, ಅದಕ್ಕೆ ಜೊತೆ ಕೊಡೋದು ಮೆಂತ್ಯ. ಆ ಹುಳಿ ತರುವ ಸೂಕ್ಷ್ಮಜೀವಿಗಳು ಉದ್ದಿನಲ್ಲೇ ಇರುತ್ತವೆ. ಅದಕ್ಕೇ ನಾವು ಈಸ್ಟ್ ಗೀಸ್ಟ್ ಏನೂ ಹಾಕಲ್ಲ. ಉದ್ದು ಕಡಿಮೆ ಮಾಡಿ, ಮೇಲೆ ಚಳಿಯೂ ಸೇರಿದರೆ ಹಿಟ್ಟು ಬೆಳಗ್ಗೆ ಹೇಗಿಟ್ಟಿದ್ದರೆ ಹಾಗೇ ಇರುತ್ತೆ. ದೋಸೆ ಹಂಚಿನ ಥರ ಆಗುತ್ತೆ. ಆಯಮ್ಮ ಎಷ್ಟೋ ವರ್ಷದಿಂದ ದೋಸೆ ಹುಯ್ದವರು. ಬೆಳಗ್ಗೆ ಪಾತ್ರೆಯ ಮುಚ್ಚಳ ತೆಗೆದು, ಉಬ್ಬದ ಹಿಟ್ಟು ನೋಡಿ, ತಪ್ಪು ತನ್ನ ಕೈದು ಅಂದುಕೊಂಡಿದ್ದಾರೆ. ಮಂಡಿ ಬೇರೆ ಹೋಗಿದೆ. ಈಗ ಕೈ ಹದವೂ ಹೋಯ್ತು ಅಂತ ಊರಲ್ಲಿ ಕೂತಿದ್ದಾರೆ.

ಆದ್ದರಿಂದ ಹೇಳಿ. ಅವರು ಬರೋವರೆಗೂ ಕಾಯಬೇಡಿ. ಈ ಭಾನುವಾರವೇ ಫೋನ್ ಮಾಡಿ.

ಇನ್ನೊಂದು ಕಾರಣವೂ ಇದೆ, ಅದು ಬರೀ ವ್ಯವಹಾರದ್ದು. ದಸರಾಗೆ ಬಂದವರು ನೆಂಟರು. ಮೂರು ತಿಂಗಳಿಗೆ ಬರುವವರು ಮನೆಯವರು. ನೀವು ಬೆಳಗ್ಗೆ ಹೋದರೆ ರಾತ್ರಿ ಎಂಟಕ್ಕೆ ಬರೋದು. ಅಷ್ಟೊತ್ತೂ ಫ್ರಿಡ್ಜ್ ಅವರ ಕೈಲಿ. ಪ್ಯಾಕೆಟ್ ಎಷ್ಟು ದಿನ ಬಚ್ಚಿಡ್ತೀರಿ? ನೀವು ಹೇಳಿ ಗೊತ್ತಾದರೆ ಅದು ನಗುವ ವಿಷಯ. ಮೊಸರಿನ ಪಾತ್ರೆ ಹಿಂದೆ ಪ್ಯಾಕೆಟ್ ಸಿಕ್ಕಿ ಗೊತ್ತಾದರೆ ನೆಂಟರಿಗೆಲ್ಲ ಇನ್ನೊಂದು ಸುತ್ತು ಫೋನ್ ಹೋಗುತ್ತೆ.

ಹೇಗೆ ಹೇಳೋದು? ಪೀಠಿಕೆ ಉದ್ದ ಬೇಡ. ‘ಅತ್ತೆ, ನಿಮಗೊಂದು ಸುಳ್ಳು ಹೇಳಿದ್ದೆ. ದಸರಾದಲ್ಲಿ ಮಾಡಿದ ದೋಸೆ ಅಂಗಡಿ ಹಿಟ್ಟಿನದು. ಅಳತೆ ನನಗೇ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅದಕ್ಕೇ ನಿಮಗೆ ಬರಲಿಲ್ಲ. ನಿಮ್ಮ ಕೈ ಏನೂ ಕೆಟ್ಟಿಲ್ಲ.’ ಕೊನೆಯ ಮಾತು ಬಿಡಬೇಡಿ, ಫೋನ್ ಮಾಡ್ತಿರೋದೇ ಅದಕ್ಕೆ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿ. ಪ್ಯಾಕೆಟ್ ಹಿಟ್ಟು ತಂದದ್ದಕ್ಕೆ ಕೇಳಬೇಡಿ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಮೂರು ತಿಂಗಳೂ ನೀವು ಬೆಳಗ್ಗೆ ಐದಕ್ಕೆ ಎದ್ದು ರುಬ್ಬಬೇಕಾಗುತ್ತೆ.

ಅವರಿಗೆ ಬೇಜಾರಾಗಬಹುದು. ಎರಡು ದಿನ ಮಾತು ಬಿಗಿಯಾಗಿರಬಹುದು. ‘ನಮ್ಮ ಸೊಸೆ ಅಂಗಡಿ ಹಿಟ್ಟು ತರ್ತಾಳೆ’ ಅಂತ ಯಾರಿಗಾದರೂ ಹೇಳಲೂಬಹುದು. ಹೇಳಿಕೊಳ್ಳಲಿ ಬಿಡಿ. ನಿಜವೇ ತಾನೆ?

ಹೊರಗಿನದ್ದು ಬೇಡ ಅನ್ನೋ ಮಾತು ಬಂದರೆ ವಾದಕ್ಕೆ ಇಳಿಯಬೇಡಿ. ಆದರೆ ನಿಮ್ಮ ಮನಸ್ಸಿಗಾದರೂ ಇದು ಗೊತ್ತಿರಲಿ. ನಿಮ್ಮತ್ತೆ ರಾಗಿ ಬೀಸೋಕೆ ಕಲ್ಲಿನ ಮುಂದೆ ಕೂರೋದಿಲ್ಲ, ಮಿಲ್ಲಿಗೆ ಕಳಿಸ್ತಾರೆ. ಅವರ ಅತ್ತೆ ಕಾಲದಲ್ಲಿ ಅದಕ್ಕೂ ಯಾರೋ ಗೊಣಗಿರ್ತಾರೆ. ನಮ್ಮಜ್ಜಿ ಸಾಯೋತನಕ ಕುಕ್ಕರ್ ಅನ್ನ ಮುಟ್ಟಲಿಲ್ಲ, ವಾಯು ಅಂತ. ಅವರೇಕಾಯಿ ಕಾಲ ಬಂದರೆ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಹಿತಕಿದ ಬೇಳೆ ಸೇರಿನ ಲೆಕ್ಕದಲ್ಲಿ ಸಿಗುತ್ತೆ. ಎಂಥ ಮಡಿವಂತರೂ ಅದನ್ನು ಹೊರಗಿನದ್ದು ಅನ್ನಲ್ಲ. ಉತ್ತರ ಕರ್ನಾಟಕದವರ ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅದಕ್ಕಿಂತ ರೆಡಿ ಊಟ ಯಾವುದಿದೆ?

ಪ್ಯಾಕೆಟ್ಟುಗಳೂ ಏನು ಹೊರದೇಶದಿಂದ ಬಂದವಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾದದ್ದು 1924ರಲ್ಲಿ. ತುರ್ತುಪರಿಸ್ಥಿತಿಯಲ್ಲಿ ತಿಂಡಿ ಬೆಲೆ ಇಳಿಸಬೇಕಾಗಿ ಬಂದು ಹೋಟೆಲ್ ನಡೆಸೋದೇ ಕಷ್ಟವಾದಾಗ ಅವರು ಪುಡಿ, ಮಿಕ್ಸು ಮಾರೋ ಕಡೆ ಹೊರಳಿದರು. ಬಿಸಿನೀರಲ್ಲಿ ಇಟ್ಟು ತಿನ್ನುವ ಪೊಟ್ಟಣದ ಊಟದ ತಂತ್ರವನ್ನು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಸೈನಿಕರಿಗಾಗಿ ಪಳಗಿಸಿದ್ದು. ನೀವು ಸುರಿಯುವ ಥರದ ಹಿಟ್ಟನ್ನು ಪ್ಯಾಕೆಟ್ ಮಾಡಿ ಹೆಸರಾದ ಐಡಿ ಕಂಪನಿ 2005ರಲ್ಲಿ ಶುರುವಾದದ್ದೂ ಬೆಂಗಳೂರಿನ ಒಂದು ಪುಟ್ಟ ಜಾಗದಲ್ಲೇ. ಅತ್ತೆಗೆ ಇದನ್ನೆಲ್ಲ ಒಪ್ಪಿಸಬೇಡಿ, ಪಾಠ ಅನ್ನಿಸುತ್ತೆ.

ಇನ್ನು ನಿಜವಾದ ಕಷ್ಟ: ರಾತ್ರಿ ಎಂಟಕ್ಕೆ ಬಂದು ಎಂಟೂಮುಕ್ಕಾಲಿಗೆ ತಟ್ಟೆ ಹಾಕೋದು ಹೇಗೆ?

ನಿಮ್ಮ ಎರಡು ದೋಸೆ ರಾತ್ರಿ ಹಾಗೇ ಇರಲಿ. ತಾರೀಖು ನೋಡಿ ತನ್ನಿ. ಪ್ಯಾಕೆಟ್ ಬೆಲೂನಿನ ಹಾಗೆ ಉಬ್ಬಿದ್ದರೆ ಹಿಟ್ಟು ಹುಳಿ ಮೀರುತ್ತಿದೆ ಅಂತ, ಬಿಟ್ಟುಬಿಡಿ. ಅರೆಬೆಂದ ಚಪಾತಿಯ ಹಿಂಬದಿ ಒಂದು ಸಲ ಓದಿ. ಯಾವುದು ಜಾಸ್ತಿ ಇರುತ್ತೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಗೋಧಿಗಿಂತ ಮೊದಲು ಮೈದಾ ಇದ್ದರೆ ನೀವು ದುಡ್ಡು ಕೊಟ್ಟದ್ದು ಮೈದಾಗೆ. ಪೊಟ್ಟಣದ ಪಲ್ಯಗಳಲ್ಲಿ ಉಪ್ಪು ಎಷ್ಟಿದೆ ಅಂತಲೂ ನೋಡಿ. ಅತ್ತೆಗೆ ಬಿಪಿ ಇದ್ದರೆ ಅದು ಅವರ ತಟ್ಟೆಗೆ ಬೇಡ.

ಅನ್ನ ಸಾರಿನ ದಿನಗಳಿಗೆ ನಾನು ಮಾಡುತ್ತಿದ್ದದ್ದು ಹೇಳ್ತೀನಿ. ಎರಡು ದಿನದ ತೊಗರಿಬೇಳೆ ಒಂದೇ ಸಲ ಬೇಯಿಸುತ್ತಿದ್ದೆ. ಉಪ್ಪು, ಖಾರ, ಹುಳಿ ಏನೂ ಹಾಕದೆ ಅರ್ಧ ತೆಗೆದು ಫ್ರಿಡ್ಜಿಗೆ. ಮೊದಲ ದಿನ ಟೊಮೆಟೊ ಹಿಂಡಿ ತಿಳಿಸಾರು. ಮಾರನೇ ದಿನ ಅದೇ ಬೇಳೆಗೆ ದಂಟಿನ ಸೊಪ್ಪು, ಹುಣಸೆ, ಹುಳಿಪುಡಿ. ಒಗ್ಗರಣೆ ಮಾತ್ರ ಆಗಿಂದಾಗ್ಗೆ ಹಾಕಬೇಕು. ಸಾಸಿವೆ ಚಟಪಟ ಅಂದು ಇಂಗಿನ ಘಮ ಎದ್ದರೆ ಸಾಕು, ನಿನ್ನೆಯ ಬೇಳೆ ಅಂತ ಯಾರೂ ಕೇಳಲ್ಲ. ಭಾನುವಾರ ಒಂದು ಕೆಜಿ ರವೆ ಹುರಿದಿಟ್ಟರೆ ಉಪ್ಪಿಟ್ಟು ಕಾಲು ಗಂಟೆಯ ಕೆಲಸ. ‘ರಾತ್ರಿಗೆ ಉಪ್ಪಿಟ್ಟಾ?’ ಅಂತ ನಿಮ್ಮವರು ಮೂಗು ಮುರಿದರೆ ಬಾಣಲೆ ಅವರ ಕೈಗೆ ಕೊಡಿ. ಪುಳಿಯೋಗರೆ ಗೊಜ್ಜು ಒಂದು ಬಾಟಲಿ, ಚಟ್ನಿಪುಡಿ ಒಂದು ಡಬ್ಬಿ, ಮೆಂತ್ಯದ ಹಿಟ್ಟು ಒಂದು ಡಬ್ಬಿ ಮನೆಯಲ್ಲಿ ಯಾವಾಗಲೂ ಇರಲಿ. ಮೊಸರಿಗೆ ಎರಡು ಚಮಚ ಮೆಂತ್ಯದ ಹಿಟ್ಟು ಕಲಸಿ ಒಂದು ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಇನ್ನೇನೂ ಬೇಡ. ಅಡುಗೆಮನೆಯಲ್ಲಿ ಕಣ್ಣು ಮುಚ್ಚುವಷ್ಟು ಸುಸ್ತಾದ ರಾತ್ರಿಗಳಲ್ಲಿ ನಮ್ಮ ಮಕ್ಕಳು ಅದನ್ನೇ ತಿಂದು ಬೆಳೆದರು. ಹಾಂ, ಅನ್ನ ಉಳಿದರೆ ರಾತ್ರಿಯೆಲ್ಲ ಹೊರಗೆ ಬಿಡಬೇಡಿ. ಆರಿದ ಕೂಡಲೇ ಫ್ರಿಡ್ಜಿಗೆ ಹಾಕಿ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾದ ವಿಷ ಬೆಳಗ್ಗೆ ಚಿತ್ರಾನ್ನಕ್ಕೆ ಹುರಿದರೂ ಹೋಗಲ್ಲ.

ನಿಮ್ಮ ಗಂಡನ ವಿಷಯಕ್ಕೆ ಬರ್ತೀನಿ. ‘ಸುಮ್ನಿರು, ಹೇಗೋ ನಡೆಯುತ್ತೆ’ ಅನ್ನೋದು ಸಲಹೆ ಅಲ್ಲ. ಹೇಗೋ ನಡೆಯೋದಲ್ಲ, ನೀವು ನಡೆಸ್ತೀರಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಯಾರು ಹೊತ್ತು ಹೇಗೆ ಕಳೀತಾರೆ ಅಂತ ಒಂದು ಸಮೀಕ್ಷೆ ಮಾಡಿಸಿತು. ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅದೂ ಅವತ್ತು ಮನೆಗೆಲಸಕ್ಕೆ ಕೈ ಹಾಕಿದವರ ಲೆಕ್ಕ. ಅಂಥ ಗಂಡಸರು ನೂರಕ್ಕೆ ಬರೀ 26 ಜನ. ನಿಮ್ಮವರು ಯಾವ ಗುಂಪಿಗೆ ಸೇರ್ತಾರೋ ನೀವು ಬರೆದಿಲ್ಲ. ಪತ್ರದ ತುಂಬ ಎಲ್ಲ ಮಾಡೋದು ನೀವು, ಅವರು ಬಂದದ್ದು ಆ ಒಂದೇ ಮಾತಿಗೆ. ಬರುತ್ತಿರೋದು ಅವರ ತಾಯಿ. ವಾರಕ್ಕೆ ಎರಡು ರಾತ್ರಿ ಅಡುಗೆ ಅವರದ್ದಾಗಲಿ. ಅದರಲ್ಲಿ ಒಂದು ರಾತ್ರಿ ರಾಗಿಮುದ್ದೆ ಅಂತ ಗೊತ್ತು ಮಾಡಿ. ಅರಸೀಕೆರೆ ಕಡೆಯವರು, ಮುದ್ದೆ ಬೇಕೇ ಬೇಕು. ನೀರು ಕುದಿಸಿ, ಹಿಟ್ಟು ಹಾಕಿ, ಕೋಲು ಹಿಡಿದು ತಿರುವೋಕೆ ರಟ್ಟೆ ಬಲ ಸಾಕು. ಮೊದಲ ಎರಡು ವಾರ ಗಂಟಾಗುತ್ತೆ. ಅವರಮ್ಮ ಕುರ್ಚಿ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತು ಹೇಳಿಕೊಡಲಿ. ಮಗನಿಗೆ ಬೈಯೋದೂ ಅವರಿಗೆ ಒಂದು ಹೊತ್ತು ಕಳೆಯೋ ದಾರಿ. ಈ ವ್ಯವಸ್ಥೆ ಆಗಿದೆ ಅಂತ ತಾಯಿಗೆ ಹೇಳಬೇಕಾದವರು ಅವರೇ. ನೀವು ಹೇಳಿದರೆ ದೂರು ಆಗುತ್ತೆ.

ಅತ್ತೆಯನ್ನು ಅಡುಗೆಯವರನ್ನಾಗಿ ಮಾತ್ರ ಮಾಡಬೇಡಿ. ಮಂಡಿ ಆಪರೇಷನ್ ಆದವರು ಒಲೆ ಮುಂದೆ ಒಂದು ಗಂಟೆ ನಿಲ್ಲಬಾರದು, ನೆಲದ ಮೇಲೆ ಕೂರೋದೂ ಬೇಡ. ಆದರೆ ಇಡೀ ದಿನ ಟಿವಿ ಮುಂದೆ ಕೂರಿಸಿದರೆ ಅವರಿಗೂ ಸಾಕಾಗುತ್ತೆ. ಮೇಜಿನ ಮೇಲೆ ಒಂದು ಕಟ್ಟು ಸೊಪ್ಪು ಇಟ್ಟು ಹೋಗಿ, ಬಿಡಿಸಬೇಕು ಅನ್ನಿಸಿದರೆ ಬಿಡಿಸ್ತಾರೆ. ಬಿಡಿಸದಿದ್ದರೆ ಅವತ್ತು ತಿಳಿಸಾರು.

ಇನ್ನು ದೋಸೆ. ಫೋನಿನಲ್ಲಿ ಎಲ್ಲ ಹೇಳಿ ಮುಗಿದ ಮೇಲೆ, ಆ ಕಡೆಯಿಂದ ನಗುವೋ ಬೈಗುಳವೋ ಬಂದ ಮೇಲೆ, ಒಂದು ಕೇಳಿ: ‘ನಿಮ್ಮ ಹಳೆ ಅಳತೆ ಏನತ್ತೆ?’ ಹೇಳಿದ್ದನ್ನು ಬರೆದುಕೊಳ್ಳಿ. ಮೂರಕ್ಕೆ ಒಂದಾ, ನಾಲ್ಕಕ್ಕೆ ಒಂದಾ, ಅವಲಕ್ಕಿ ಹಾಕ್ತಾರಾ, ಅನ್ನ ಹಾಕ್ತಾರಾ, ಮೆಂತ್ಯ ಎಷ್ಟು. ನೀವು ರುಬ್ಬಲೇಬೇಕು ಅಂತಲ್ಲ. ಅವರು ಇಲ್ಲಿಗೆ ಹೊರಡೋ ಮುಂಚೆ ಊರಲ್ಲಿ ಅದೇ ಹಳೆ ಅಳತೆಯಲ್ಲಿ ಒಂದು ಸಲ ನೆನೆಹಾಕಿ ನೋಡಲಿ. ರುಬ್ಬೋಕೆ ಪಕ್ಕದ ಮನೆಯವರನ್ನು ಕರೆದರಾಯ್ತು. ಮಾರನೇ ದಿನ ಬೆಳಗ್ಗೆ ನೀವೇ ಫೋನ್ ಮಾಡಿ ಹಿಟ್ಟು ಉಬ್ಬಿತಾ ಅಂತ ಕೇಳಿ. ಆ ಅಳತೆ ನನಗೂ ಬರೆದು ಕಳಿಸಿ.