ಬಾಯ್ಲರ್ ಕೆಟ್ಟಿದೆ, ಕೌನ್ಸಿಲ್‌ನವರು ಬರ್ತಾನೇ ಇಲ್ಲ

ಪ್ರಶ್ನೆ: ಅಕ್ಕ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮದುವೆಯಾಗಿ ಇಂಗ್ಲೆಂಡಿಗೆ ಬಂದು ಹದಿನಾರು ವರ್ಷ ಆಯ್ತು, ಈಗ ಇಲ್ಲಿನ ಪೌರತ್ವವೇ ಇದೆ. ಸಂಸಾರ ಮುರಿದ ಮೇಲೆ ನನಗೂ ಮಗಳಿಗೂ ಒಂದು ಕೌನ್ಸಿಲ್ ಮನೆ (ಇಲ್ಲಿನ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ) ಸಿಕ್ಕಿತು. ಮಗಳಿಗೆ ಏಳು ವರ್ಷ, ಆಸ್ತಮಾ ಇದೆ. ಹದಿನೈದು ದಿನದ ಹಿಂದೆ, ಮನೆ ಬೆಚ್ಚಗಿಟ್ಟು ನೀರು ಕಾಯಿಸುವ ಬಾಯ್ಲರ್ ಕೆಟ್ಟಿತು. ಫೋನ್ ಮಾಡಿದ ಮರುದಿನ ಒಬ್ಬರು ಬಂದು ನೋಡಿ, ಪಾರ್ಟ್ ತರಿಸಬೇಕು ಅಂತ ಹೇಳಿ ಹೋದರು. ಆಮೇಲೆ ಯಾರೂ ಇಲ್ಲ. ಫೋನ್ ಮಾಡಿದರೆ ಕೆಲಸ ಮುಗಿದಿದೆ ಅಂತ ಕಂಪ್ಯೂಟರ್ ತೋರಿಸ್ತಿದೆಯಂತೆ! ಒಂದು ಫ್ಯಾನ್ ಹೀಟರ್ ಕೊಟ್ಟಿದ್ದಾರೆ, ಕರೆಂಟಿನ ಮೀಟರಿಗೆ ಮುಂಚಿತವಾಗಿ ಹಾಕಿದ ದುಡ್ಡೆಲ್ಲ ಅದಕ್ಕೇ ಹೋಗ್ತಿದೆ. ಸ್ನಾನಕ್ಕೆ ಕೆಟಲ್‌ನಲ್ಲಿ ನೀರು ಕಾಯಿಸ್ತೀನಿ. ಬಾಡಿಗೆ ನಿಲ್ಲಿಸು, ಆಗ ಓಡಿ ಬರ್ತಾರೆ ಅಂತ ಗೆಳತಿ ಹೇಳ್ತಾಳೆ. ನನಗೋ ಜಾಸ್ತಿ ಗಲಾಟೆ ಮಾಡಿದರೆ ಮನೆಯೇ ಕೈತಪ್ಪಿ ಹೋದೀತು ಅಂತ ಭಯ. ಏನು ಮಾಡಲಿ? (ಹೆಸರು, ಊರು ಬೇಡ)

ಉತ್ತರ: ಮೊದಲು ಆ ಭಯದ ವಿಷಯ ಮುಗಿಸೋಣ. ರಿಪೇರಿ ಮಾಡಿಕೊಡಿ ಅಂತ ಕೇಳಿದ್ದಕ್ಕೆ ಯಾರೂ ನಿಮ್ಮನ್ನು ಮನೆ ಬಿಡಿಸಲು ಆಗುವುದಿಲ್ಲ. ಕೌನ್ಸಿಲ್ ಮನೆ ಖಾಲಿ ಮಾಡಿಸಬೇಕಾದರೆ ಕೋರ್ಟಿನ ಆದೇಶ ಬೇಕು. ಅದಕ್ಕೆ ಕಾನೂನಿನಲ್ಲಿ ಹೇಳಿದ ಕಾರಣ ಬೇಕು. ದೂರು ಕೊಡುವುದು ಅಂಥ ಕಾರಣ ಅಲ್ಲ. ಆದರೆ ಬಾಡಿಗೆ ಬಾಕಿ ಅಂಥ ಕಾರಣಗಳಲ್ಲಿ ಒಂದು. ಹಾಗಾಗಿ ನಿಮ್ಮ ಗೆಳತಿಯ ಮಾತು ಖಂಡಿತ ಕೇಳಬೇಡಿ. ಬಾಯ್ಲರ್ ಕೆಟ್ಟಿದ್ದು ಅವರ ತಪ್ಪು, ಬಾಡಿಗೆ ನಿಂತರೆ ಅದು ನಿಮ್ಮ ತಪ್ಪಾಗುತ್ತದೆ. ತಪ್ಪದೆ ಕಟ್ಟಿ.

ಕೌನ್ಸಿಲ್ ಮನೆ ಕೊಟ್ಟಿದ್ದೇ ದೊಡ್ಡದು, ಮತ್ತೆ ಮತ್ತೆ ಕೇಳಿದರೆ ಚೆನ್ನಾಗಿರಲ್ಲ ಎನ್ನುವ ಸಂಕೋಚ ನಮ್ಮ ಹೆಣ್ಣುಮಕ್ಕಳಲ್ಲಿ ತುಂಬ ನೋಡಿದ್ದೇನೆ. ನೀವು ಬಾಡಿಗೆ ಕೊಟ್ಟು ಇದ್ದೀರಿ. 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಆ್ಯಕ್ಟ್‌ನ 11ನೇ ಸೆಕ್ಷನ್ ಪ್ರಕಾರ, ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ಸಾಧನಗಳನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಡಬೇಕಾದ್ದು ಮನೆ ಕೊಟ್ಟವರ ಹೊಣೆ. ಕೌನ್ಸಿಲ್ ಆದರೂ ಅಷ್ಟೇ, ಖಾಸಗಿ ಮಾಲೀಕನಾದರೂ ಅಷ್ಟೇ. ಇದರಲ್ಲಿ ಯಾರ ದಾಕ್ಷಿಣ್ಯವೂ ಇಲ್ಲ.

ಈಗ 'ಕೆಲಸ ಮುಗಿದಿದೆ' ಎನ್ನುವ ಮಾತಿಗೆ ಬರೋಣ. ಅಂಕಣ ಬರೆಯುವ ಮುಂಚೆ ನಾನು ವರ್ಷಗಟ್ಟಲೆ ಇಲ್ಲಿನ ಒಂದು ಕೌನ್ಸಿಲ್‌ನ ರಿಪೇರಿ ವಿಭಾಗದಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸದಲ್ಲಿದ್ದೆ. ಅಲ್ಲಿ ಆಗುವುದು ಹೀಗೆ. ಇಂಜಿನಿಯರ್ ನಿಮ್ಮ ಮನೆಗೆ ಬಂದು ನೋಡುತ್ತಾರೆ. ಫ್ಯಾನೋ, ಸರ್ಕ್ಯೂಟ್ ಬೋರ್ಡೋ ಹೋಗಿರುತ್ತದೆ, ವ್ಯಾನಿನಲ್ಲಿ ಆ ಪಾರ್ಟ್ ಇರುವುದಿಲ್ಲ. ಬಂದು ನೋಡಿದ್ದಕ್ಕೆ ಒಂದು ಜಾಬ್ ನಂಬರ್ ಇರುತ್ತಲ್ಲ, ಅದನ್ನು ಅವರು ತಮ್ಮ ಟ್ಯಾಬ್‌ನಲ್ಲಿ ಮುಗಿಸಿಬಿಡುತ್ತಾರೆ. ಪಾರ್ಟ್ ತರಿಸಿ ಹಾಕುವುದಕ್ಕೆ ಬೇರೆ ಜಾಬ್ ತೆರೆಯಬೇಕು, ಅದಕ್ಕೆ ಫಾಲೋ-ಆನ್ ಜಾಬ್ ಅನ್ನುತ್ತಾರೆ. ಅದನ್ನು ಗುತ್ತಿಗೆದಾರ ತೆರೆಯುತ್ತಾನೆ ಅಂತ ಆಫೀಸಿನವರು, ಆಫೀಸಿನವರು ತೆರೆಯುತ್ತಾರೆ ಅಂತ ಗುತ್ತಿಗೆದಾರ. ಕೊನೆಗೆ ಯಾರೂ ತೆರೆದಿರುವುದಿಲ್ಲ. ಫೋನ್ ಎತ್ತಿದ ಹುಡುಗಿಗೆ ಕಾಣುವುದು ಮುಗಿದ ಜಾಬ್ ಒಂದೇ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ಅಷ್ಟೇ ಗೊತ್ತು.

ಹಾಗಾಗಿ ಮುಂದಿನ ಸಲ ಫೋನ್ ಮಾಡಿದಾಗ ಬಾಯ್ಲರ್ ಯಾವಾಗ ರಿಪೇರಿ ಆಗುತ್ತೆ ಅಂತ ಕೇಳಬೇಡಿ. ಫಾಲೋ-ಆನ್ ಜಾಬ್ ನಂಬರ್ ಎಷ್ಟು, ಪಾರ್ಟ್ ಆರ್ಡರ್ ಮಾಡಿದ ತಾರೀಕು ಯಾವುದು, ಯಾವ ಕಂಪನಿಗೆ ಕೊಟ್ಟಿದ್ದೀರಿ ಅಂತ ಕೇಳಿ. ನಂಬರ್ ಇಲ್ಲ ಅಂದರೆ, ಫೋನ್ ಇಡುವ ಮುಂಚೆ ಈಗಲೇ ಒಂದು ತೆರೆಯಿರಿ ಅಂತ ಹೇಳಿ. ಮನೆಯಲ್ಲಿ ಆಸ್ತಮಾ ಇರುವ ಮಗು ಇದೆ ಅಂತ ಅದರಲ್ಲೇ ಬರೆಸಿ. ಇದು ಬಹಳ ಮುಖ್ಯ, ಯಾಕೆ ಅಂತ ಹೇಳುತ್ತೇನೆ.

2020ರ ಡಿಸೆಂಬರಿನಲ್ಲಿ ರೋಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಗೋಡೆಯ ಬೂಷ್ಟೇ ಅದರ ಉಸಿರಾಟ ಕೆಡಿಸಿದ್ದು ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಅದೂ ಸಾಮಾಜಿಕ ವಸತಿಯ, ಅಂದರೆ ಕಡಿಮೆ ಬಾಡಿಗೆಗೆ ಕೊಡುವ ಮನೆ. ತಂದೆ ತಾಯಿ ಮತ್ತೆ ಮತ್ತೆ ಹೇಳಿಕೊಂಡಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಮಗುವಿನ ಹೆಸರಲ್ಲೇ ಬಂದ 'ಅವಾಬ್ಸ್ ಲಾ' 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಕೌನ್ಸಿಲ್ ಮನೆಗಳಿಗೂ ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡುವ ಸಂಸ್ಥೆ) ಮನೆಗಳಿಗೂ ಅನ್ವಯ. ಆರೋಗ್ಯಕ್ಕೆ ಕೂಡಲೇ ಅಪಾಯ ತರುವ ತೊಂದರೆ ಗೊತ್ತಾದ 24 ಗಂಟೆಯೊಳಗೆ ಬಂದು ನೋಡಿ ಅಪಾಯ ತಪ್ಪಿಸಬೇಕು. ಆಗದಿದ್ದರೆ ಬೇರೆ ಕಡೆ ಉಳಿಯುವ ವ್ಯವಸ್ಥೆಯನ್ನು ಅವರ ಖರ್ಚಿನಲ್ಲೇ ಮಾಡಬೇಕು. ಕೆಟ್ಟ ಬಾಯ್ಲರ್ ಈ ಪಟ್ಟಿಗೆ ಬರಬಹುದು ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಆದರೆ ಚಳಿಗಾಲವೋ ಬೇಸಿಗೆಯೋ, ಮನೆಯಲ್ಲಿ ಯಾರಿದ್ದಾರೆ ಎನ್ನುವುದನ್ನೂ ನೋಡುತ್ತಾರೆ. ಮಗಳ ಆಸ್ತಮಾ ದಾಖಲಾಗದಿದ್ದರೆ ನಿಮ್ಮದು ಬರೀ ಇನ್ನೊಂದು ಬಾಯ್ಲರ್ ಅಷ್ಟೇ. ಡಾಕ್ಟರ ಹತ್ತಿರ ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ.

ಹೀಟರ್ ಕೊಟ್ಟಿದ್ದೇವಲ್ಲ ಅಂತ ಅವರು ಹೇಳಬಹುದು. ಹೀಟರ್ ಕೊಡುವುದು ಸದ್ಯದ ಏರ್ಪಾಡು, ರಿಪೇರಿ ಅಲ್ಲ. 11ನೇ ಸೆಕ್ಷನ್‌ನ ಹೊಣೆ ಹಾಗೇ ಉಳಿಯುತ್ತದೆ. ಒಂದು ರೂಮಿಗೆ ಒಂದು ಹೀಟರ್ ಇಟ್ಟರೆ ಉಳಿದ ಮನೆಯ ಗತಿ ಏನು, ಅಲ್ವಾ? ಎರಡು ಕಿಲೋವ್ಯಾಟ್‌ನ ಫ್ಯಾನ್ ಹೀಟರ್ ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ. ಯೂನಿಟ್ಟಿಗೆ 25 ಪೆನ್ಸ್ ಅಂತ ಹಿಡಿದರೂ, ದಿನಕ್ಕೆ ಎಂಟು ಗಂಟೆ ಹಾಕಿದರೆ 4 ಪೌಂಡ್. ಈ ದುಡ್ಡನ್ನು ನೀವು ವಾಪಸ್ ಕೇಳಬಹುದು. ದಿನಾ ಬೆಳಗ್ಗೆ ಮೀಟರಿನ ಫೋಟೊ ತೆಗೆಯಿರಿ, ಟಾಪ್-ಅಪ್ ರಸೀತಿ ಎತ್ತಿಡಿ. ಒಂದು ಸಣ್ಣ ಥರ್ಮಾಮೀಟರ್ ಮಗಳ ರೂಮಿನಲ್ಲಿಟ್ಟು ಅದರದ್ದೂ ಫೋಟೊ ತೆಗೆಯಿರಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ, ಗೋಡೆಯ ಪ್ಲಗ್ಗಿಗೇ ಹಾಕಿ. ಬಟ್ಟೆ ಒಣಗಲಿ ಅಂತ ಅದರ ಮುಂದೆ ಹರಡಬೇಡಿ. ಚಳಿ ತಡೆಯಲಾರದೆ ಗ್ಯಾಸ್ ಒಲೆ ಉರಿಸಿಕೊಂಡು ಕೂರುವುದು, ಊರಿನ ಹಾಗೆ ಕೆಂಡ ಮಾಡಿ ಒಳಗಿಡುವುದು ಬೇಡವೇ ಬೇಡ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ಇನ್ನು ಇಷ್ಟು ದಿನ ಫೋನಿನಲ್ಲೇ ಹೇಳಿದ್ದೀರಿ. ಈಗ ಲಿಖಿತ ದೂರು ಕೊಡಿ. ರಿಪೇರಿಗೆ ಕರೆ ಮಾಡುವುದು ಒಂದು ದಾರಿ, ದೂರು ಇನ್ನೊಂದು ದಾರಿ. ಎರಡನ್ನೂ ನೋಡುವವರು ಬೇರೆ ಬೇರೆ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ದೂರಿನ ಫಾರಂ ಇರುತ್ತದೆ. ಇದು ಮೊದಲ ಹಂತದ ದೂರು ಅಂತ ಸ್ಪಷ್ಟವಾಗಿ ಬರೆಯಿರಿ. ಬಾಯ್ಲರ್ ಕೆಟ್ಟ ತಾರೀಕು, ಫೋನ್ ಮಾಡಿದ ದಿನಗಳು, ಇಂಜಿನಿಯರ್ ಬಂದು ಏನು ಹೇಳಿದರು, ಮಗಳ ಆಸ್ತಮಾ, ಕರೆಂಟಿನ ಖರ್ಚು, ನಿಮಗೆ ಏನಾಗಬೇಕು. ಇಷ್ಟು ಸಾಕು. ಕೋಪ, ಕಣ್ಣೀರು ಅದರಲ್ಲಿ ಬೇಡ. ಐದು ಕೆಲಸದ ದಿನಗಳೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು. ಆಮೇಲೆ ಹತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ಆ ಉತ್ತರ ಒಪ್ಪಿಗೆ ಆಗದಿದ್ದರೆ ಎರಡನೇ ಹಂತ, ಅದಕ್ಕೆ ಇಪ್ಪತ್ತು ಕೆಲಸದ ದಿನ. ಅಲ್ಲೂ ಆಗದಿದ್ದರೆ, ಇಂಥ ಮನೆಗಳ ದೂರು ವಿಚಾರಿಸುವ ಹೌಸಿಂಗ್ ಓಂಬುಡ್ಸ್‌ಮನ್. ಅದಕ್ಕೆ ಕಾಸು ಖರ್ಚಿಲ್ಲ, ವಕೀಲರು ಬೇಡ. ರಿಪೇರಿ ಮಾಡಿ, ಪರಿಹಾರ ಕೊಡಿ ಅಂತ ಕೌನ್ಸಿಲ್‌ಗೆ ಆದೇಶ ಮಾಡುವ ಅಧಿಕಾರ ಅವರಿಗಿದೆ. ದೂರನ್ನು ತೆಗೆದುಕೊಳ್ಳದೆ ಕೌನ್ಸಿಲ್ ಸತಾಯಿಸುತ್ತಿದ್ದರೆ ಅದಕ್ಕೂ ಮೊದಲೇ ಅವರಿಗೆ ಹೇಳಬಹುದು.

ಹಳೆಯ ನಿಯಮ ಇನ್ನೊಂದಿದೆ, 1994ರ 'ರೈಟ್ ಟು ರಿಪೇರ್'. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೀಟಿಂಗ್ ನಿಂತರೆ ಒಂದು ಕೆಲಸದ ದಿನದೊಳಗೆ ಸರಿ ಮಾಡಬೇಕು, ಆಗದಿದ್ದರೆ ಬೇರೆ ಗುತ್ತಿಗೆದಾರನನ್ನು ಕಳಿಸಿ ಅಂತ ನೀವು ಕೇಳಬಹುದು. ಅವನೂ ತಡ ಮಾಡಿದರೆ ನಿಮಗೆ ಪರಿಹಾರ 10 ಪೌಂಡ್, ಮೇಲೆ ದಿನಕ್ಕೆ 2 ಪೌಂಡ್, ಒಟ್ಟು 50 ಪೌಂಡ್ ದಾಟುವಂತಿಲ್ಲ. ಅದೂ 250 ಪೌಂಡ್ ಒಳಗಿನ ರಿಪೇರಿಗೆ ಮಾತ್ರ. ಹಣ ಚಿಲ್ಲರೆ. ಆದರೂ ದೂರಿನಲ್ಲಿ ಈ ನಿಯಮದ ಹೆಸರು ಹಾಕಿ, ಬೇರೆ ಗುತ್ತಿಗೆದಾರ ಸಿಕ್ಕರೆ ಅದೇ ಲಾಭ.

ಬರೆದಿಟ್ಟುಕೊಳ್ಳುವುದರ ಬೆಲೆ ಏನು ಅಂತ ಒಬ್ಬ ಗುಜರಾತಿ ಅಜ್ಜಿಯಿಂದ ನಾನು ಕಲಿತೆ. ಒಂಟಿ ಹೆಂಗಸು. ಅಡುಗೆಮನೆಯಲ್ಲಿ ಫ್ರಿಜ್ ಪಕ್ಕ ದಿನಸಿ ಅಂಗಡಿಯ ಕ್ಯಾಲೆಂಡರ್ ತೂಗು ಹಾಕಿದ್ದರು. ಏಕಾದಶಿ, ಹುಣ್ಣಿಮೆ ಗುರುತು ಹಾಕುವ ಚೌಕಗಳಲ್ಲೇ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: ಎಷ್ಟು ಗಂಟೆಗೆ ಫೋನ್ ಮಾಡಿದೆ, ಯಾರು ಮಾತಾಡಿದರು, ಏನು ಹೇಳಿದರು. ಒಂದು ಮಂಗಳವಾರ ಇಂಜಿನಿಯರ್ ಬಂದಾಗ ಬಾಗಿಲು ತೆಗೆಯಲಿಲ್ಲ ಅಂತ ನಮ್ಮ ಕಂಪ್ಯೂಟರಿನಲ್ಲಿತ್ತು. ಅಜ್ಜಿಯ ಚೌಕದಲ್ಲಿ, 'ಬೆಳಗ್ಗಿಂದ ಮನೆಯಲ್ಲೇ, ನಾಲ್ಕಕ್ಕೆ ಫೋನ್ ಮಾಡಿ ಕೇಳಿದೆ, ಬರ್ತಾರೆ ಅಂದರು' ಅಂತಿತ್ತು. ಫೋನ್ ಬಿಲ್ ತೆಗೆಸಿದರೆ ನಾಲ್ಕು ಗಂಟೆಯ ಕರೆ ಅಲ್ಲಿತ್ತು. ಕೌನ್ಸಿಲ್ ಕ್ಷಮೆ ಕೇಳಿತು, ಪರಿಹಾರವನ್ನೂ ಕೊಟ್ಟಿತು. ಆ ಕ್ಯಾಲೆಂಡರ್ ಇಲ್ಲದಿದ್ದರೆ ಬಾಗಿಲು ತೆಗೆಯದ ಮುದುಕಿ ಅಂತಲೇ ದಾಖಲೆಯಲ್ಲಿ ಉಳಿಯುತ್ತಿತ್ತು. ನೀವೂ ಬರೆದಿಡಿ, ಕನ್ನಡದಲ್ಲಾದರೂ ಸರಿ. ನಿಮ್ಮ ಮನೆಯ ರಿಪೇರಿ ದಾಖಲೆ ಪೂರ್ತಿ ಬೇಕಾದರೆ ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಅಂತ ಒಂದು ಅರ್ಜಿ ಇದೆ. ದುಡ್ಡಿಲ್ಲದೆ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು.

ಜೊತೆಗೇ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಒಂದು ಇಮೇಲ್ ಹಾಕಿ. ದೂರಿನ ಉತ್ತರ ಬರುವ ಮುಂಚೆಯೇ ಬಾಯ್ಲರ್ ಸರಿಹೋದ ಉದಾಹರಣೆಗಳು ಇವೆ, ಕೌನ್ಸಿಲರ್ ಕೇಳಿದರು ಎನ್ನುವ ಒಂದೇ ಕಾರಣಕ್ಕೆ. ಕೇಳದವರ ಬಾಯ್ಲರ್ ಹಿಂದೆ ಬೀಳುವುದು ಸರಿಯಲ್ಲ. ಆದರೆ ಮಗುವಿಗೆ ಉಬ್ಬಸ ಬರುವ ಮನೆಯಲ್ಲಿ ನ್ಯಾಯದ ಚರ್ಚೆಗೆ ಕಾಯಬೇಡಿ. ಮಗಳ ಉಬ್ಬಸ ಜಾಸ್ತಿಯಾದರೆ ಆಂಬುಲೆನ್ಸ್‌ಗೆ 999ಕ್ಕೆ ಫೋನ್ ಮಾಡಿ, ಇದೆಲ್ಲ ಆಮೇಲೆ.

ಬೇರೆ ಓದುಗರಿಗೆ ಒಂದು ಮಾತು. ಹಿಮ ಕಟ್ಟುವ ಚಳಿಯ ಬೆಳಗ್ಗೆ ಬಾಯ್ಲರ್ ಗುಳುಗುಳು ಅಂದು ನಿಂತರೆ, ಮನೆಯ ಹೊರಗೋಡೆಯಿಂದ ಚರಂಡಿಗೆ ಇಳಿಯುವ ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್ ಪೈಪ್ ನೋಡಿ. ಬಾಯ್ಲರಿನ ನೀರು ಅದರಲ್ಲಿ ಹರಿದು ಹೋಗಬೇಕು. ಅದು ಹೆಪ್ಪುಗಟ್ಟಿದರೆ ಬಾಯ್ಲರ್ ತಾನೇ ನಿಲ್ಲುತ್ತದೆ. ಪೈಪ್ ಕೈಗೆಟಕುವ ಹಾಗಿದ್ದರೆ ಬೆಚ್ಚಗಿನ ನೀರು ನಿಧಾನ ಸುರಿದು, ಒಳಗೆ ಬಂದು ರೀಸೆಟ್ ಒತ್ತಿ. ಕುದಿಯುವ ನೀರು ಹಾಕಿದರೆ ಪೈಪ್ ಬಿರುಕು ಬಿಡುತ್ತದೆ. ಬಾಯ್ಲರ್ ಬಿಚ್ಚುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ, ಅದನ್ನು ಗ್ಯಾಸ್ ಸೇಫ್ (ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಮಾಡಬೇಕು. ಗ್ಯಾಸ್ ವಾಸನೆ ಬಂದರೆ ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಮಗ ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆ ಮನೆಯಲ್ಲಿದ್ದಾನೆ. ಹೀಟಿಂಗ್ ಕೆಟ್ಟು ವಾರವಾಯಿತು, ಮಾಲೀಕ ಫೋನ್ ಎತ್ತುತ್ತಿಲ್ಲ. ಅವನಿಗೂ ಇದೇ ನಿಯಮವೇ? (ಹುಬ್ಬಳ್ಳಿಯ ಓದುಗರು)

ಉತ್ತರ: 11ನೇ ಸೆಕ್ಷನ್ ಅವನಿಗೂ ಇದೆ, 'ಅವಾಬ್ಸ್ ಲಾ' ಖಾಸಗಿ ಮನೆಗಳಿಗೆ ಇನ್ನೂ ಜಾರಿಯಾಗಿಲ್ಲ. ಆದರೆ ಅವನಿಗೆ ಒಂದು ಅನುಕೂಲ ಇದೆ. ಖಾಸಗಿ ಮಾಲೀಕನಿಗೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗ ನೋಟಿಸ್ ಕೊಡಬಹುದು, ಕೌನ್ಸಿಲ್ ತನ್ನ ಮೇಲೆ ತಾನೇ ನೋಟಿಸ್ ಹಾಕಿಕೊಳ್ಳಲು ಬರುವುದಿಲ್ಲ. ಮಾಲೀಕನಿಗೆ ಇಮೇಲ್‌ನಲ್ಲಿ ಬರೆದು, ಎರಡು ದಿನ ನೋಡಿ, ಆ ವಿಭಾಗಕ್ಕೆ ದೂರು ಕೊಡಲಿ. ಅವನೂ ಬಾಡಿಗೆ ನಿಲ್ಲಿಸಬಾರದು. ಸ್ಕಾಟ್ಲೆಂಡ್, ವೇಲ್ಸ್ ಆಗಿದ್ದರೆ ಕಾನೂನು ಬೇರೆ, ಊರು ಯಾವುದು ಅಂತ ಬರೆದು ತಿಳಿಸಿ.