ಎದುರಿನವರು ಫೌಲ್ ಹೇಳದೆ ಆಟ ಮುಂದುವರಿಸಿದರೆ ಏನು ಮಾಡಬೇಕು?

ಬಳ್ಳಾರಿಯಲ್ಲಿ ಹೊಸದಾಗಿ ಪೂಲ್ (ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆದು ಗುಂಡಿಗೆ ಬೀಳಿಸುವ ಆಟ) ಆಡಲು ಹೋಗ್ತಿದ್ದೀರಿ. ಎದುರಿನವರ ತೋಳು ಬಾಲ್‌ಗೆ ತಾಗಿತು, ಅವರು ಏನೂ ಹೇಳದೆ ಆಟ ಮುಂದುವರಿಸಿದರು. ಕೇಳಬಹುದಿತ್ತಾ ಅಂತ ನಿಮ್ಮ ಪ್ರಶ್ನೆ. ಖಂಡಿತ ಕೇಳಬಹುದಿತ್ತು. ಆದರೆ ನೀವು ಕೇಳುವ ಮೊದಲೇ ಅವರು ಹೇಳಬೇಕಿತ್ತು.

ನಾನೂ ಬಳ್ಳಾರಿಯಲ್ಲೇ ಆಡುವವನು. ನಮ್ಮ ಪಾರ್ಲರ್‌ಗಳಲ್ಲಿ ರೆಫರಿ ಅಂತ ಯಾರೂ ಇರುವುದಿಲ್ಲ. ಅಂಗಿಯ ತೋಳು ಸವರಿ ಬಾಲ್ ಕೂದಲೆಳೆಯಷ್ಟು ಅಲುಗಿದರೆ ಬಗ್ಗಿ ನಿಂತವರಿಗೆ ಮಾತ್ರ ಗೊತ್ತಾಗುತ್ತೆ. ಕ್ಯೂ, ಅಂದರೆ ಹೊಡೆಯುವ ಕೋಲಿನ ತುದಿ, ವೈಟ್‌ಗೆ (ಕೋಲಿನಿಂದ ಹೊಡೆಯುವ ಬಿಳಿ ಬಾಲ್‌ಗೆ) ಎರಡು ಸಲ ತಾಗಿದರೂ ಅಷ್ಟೇ. ಅದಕ್ಕೇ ತಮ್ಮ ಫೌಲ್ ತಾವೇ ಹೇಳಬೇಕು. "ಅಣ್ಣಾ, ನಂದು ತಾಗಿತು, ನೀವು ಆಡಿ" ಅಂದರೆ ಮುಗೀತು. ಇದೇ ಥರದ ಇನ್ನೊಂದು ಟೇಬಲ್ ಆಟವಾದ ಸ್ನೂಕರ್‌ನಲ್ಲಾದರೆ ಅದಕ್ಕೆ ಎದುರಿನವರಿಗೆ ಕನಿಷ್ಠ 4 ಪಾಯಿಂಟ್ ಹೋಗುತ್ತೆ, ಕಪ್ಪು ಬಾಲ್‌ಗೆ ತಾಗಿದರೆ 7. ರೆಫರಿ ಪಕ್ಕದಲ್ಲೇ ನಿಂತಿರುವ ದೊಡ್ಡ ಟೂರ್ನಿಗಳಲ್ಲೂ ಒಳ್ಳೆ ಆಟಗಾರರು ತಾವಾಗೇ ಹೇಳ್ತಾರೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಸೋತವರು ಟೇಬಲ್ ದುಡ್ಡು ಕೊಡಬೇಕು ಅಂತ ಆಡುವಾಗ ಕೆಲವರಿಗೆ ಬಾಯಿ ಬರಲ್ಲ. ಒಂದು ಗಂಟೆಯ ದುಡ್ಡಿಗೆ ಹೆಸರು ಕೆಡಿಸಿಕೊಳ್ಳಬೇಡಿ. "ಅವನು ಫೌಲ್ ನುಂಗ್ತಾನೆ" ಅಂತ ಒಮ್ಮೆ ಮಾತು ಹಬ್ಬಿದರೆ ಆಮೇಲೆ ಯಾರೂ ಆಟಕ್ಕೆ ಕರೆಯಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಸ್ನೇಹಿತರ ಆಟದಲ್ಲಿ ಎಷ್ಟೋ ಜನ ವೈಟ್ ತಾಗಿದರೆ ಮಾತ್ರ ಫೌಲ್ ಅಂತಾರೆ. ಬೇರೆ ಬಾಲ್ ಅಲುಗಿದರೆ ಇದ್ದ ಜಾಗಕ್ಕೆ ಇಟ್ಟು ಆಡ್ತಾರೆ. ಅವರಿಗೂ ಅದೇ ರೂಢಿ ಇರಬಹುದು, ಅಲ್ವಾ? ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆಯುವ ಮೊದಲೇ ಕೇಳಿಬಿಡಿ. ಫೌಲ್ ಆದಮೇಲೆ ವೈಟ್ ಎಲ್ಲಿ ಬೇಕಾದರೂ ಇಡಬಹುದಾ, ಬ್ರೇಕ್ ಹೊಡೆಯುವ ಗೆರೆ ಹಿಂದೆ ಮಾತ್ರನಾ, ಅದನ್ನೂ ಕೇಳಿ.

ನಿಮ್ಮ ಕಡೆಯಿಂದಲೂ ಮರ್ಯಾದೆ ಇರಲಿ. ಎದುರಿನವರು ಗುರಿ ಹಿಡಿದಾಗ ಆ ನೇರಕ್ಕೆ ನಿಲ್ಲಬೇಡಿ, ಅಲುಗಾಡಬೇಡಿ. ಅದೃಷ್ಟಕ್ಕೆ ನಿಮ್ಮ ಬಾಲ್ ಗುಂಡಿಗೆ ಬಿದ್ದರೆ ಸುಮ್ನೆ ಕೈ ಎತ್ತಿ ಕ್ಷಮೆ ಕೇಳಿ. ನಮ್ಮೂರ ಬೇಸಿಗೆಯಲ್ಲಿ ಕೈ ಬೆವರಿದಾಗ ಕ್ಯೂ ಬೆರಳಿಗೆ ಅಂಟಿ ಸಲೀಸಾಗಿ ಜಾರಲ್ಲ ಅಂತ ಕೈಗೆ ಪೌಡರ್ ಹಾಕ್ತಾರೆ. ಜಾಸ್ತಿ ಹಾಕಿದರೆ ಟೇಬಲ್ ಬಟ್ಟೆ ಮೇಲೆಲ್ಲ ಬೆರಳಿನ ಗುರುತು ಮೂಡುತ್ತೆ. ಒಂದು ಕರ್ಚೀಫ್ ಇಟ್ಟುಕೊಳ್ಳಿ, ಸಾಕು.

ಮತ್ತೆ ಹೀಗಾದರೆ ಅವರು ಮುಂದಿನ ಶಾಟ್‌ಗೆ ಬಗ್ಗುವ ಮೊದಲೇ ಮೆಲ್ಲಗೆ ಕೇಳಿ: "ಅಣ್ಣಾ, ತೋಳು ತಾಗಿದ ಹಾಗಿತ್ತು, ನೋಡಿದ್ರಾ?" ಇಲ್ಲ ಅಂದರೆ ಅವರ ಮಾತಿಗೇ ಬಿಡಿ, ವಾದ ಬೇಡ. ಪದೇ ಪದೇ ಆಗ್ತಿದ್ದರೆ ಆ ಫ್ರೇಮ್ (ಒಂದು ಸುತ್ತಿನ ಆಟ) ಮುಗಿಸಿ, ನಿಮ್ಮ ಪಾಲಿನ ದುಡ್ಡು ಕೊಟ್ಟು, ನಾಳೆಯಿಂದ ಬೇರೆಯವರ ಜೊತೆ ಆಡಿ.