ಬಟಾಣಿ ಗಿಡದಲ್ಲಿ ಹೂ ಬರುತ್ತೆ, ಕಾಯಿ ಯಾಕೆ ನಿಲ್ಲಲ್ಲ?

ಬೆಂಗಳೂರಿನಲ್ಲಿ ತಾರಸಿ ಮೇಲೆ ಫೆಬ್ರವರಿಯಲ್ಲಿ ಅಂಗಡಿಯ ಒಣ ಬಟಾಣಿ ಬಿತ್ತಿದಿರಿ, ಬಳ್ಳಿ ಚೆನ್ನಾಗಿ ಬಂತು, ಹೂ ಮಾತ್ರ ಉದುರುತ್ತಿದೆ, ಜೇನುನೊಣ ಬರದೇ ಇರೋದೇ ಕಾರಣವಾ ಅಂತ ಕೇಳಿದ್ದೀರಿ.

ಪಾಪ, ಜೇನುನೊಣದ ತಪ್ಪೇನೂ ಇಲ್ಲ. ಬಟಾಣಿ ಹೂ ಅರಳುವ ಮೊದಲೇ ಅದರೊಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಆನುವಂಶಿಕತೆಯ ನಿಯಮ ಕಂಡುಹಿಡಿದ ವಿಜ್ಞಾನಿ ಮೆಂಡೆಲ್ ತನ್ನ ಪ್ರಯೋಗಕ್ಕೆ ಬಟಾಣಿ ಹಿಡಿದದ್ದಕ್ಕೆ ಇದೂ ಒಂದು ಕಾರಣ. ನಿಮ್ಮ ಗಿಡಕ್ಕೆ ಆಗಿರೋದು ಬಿಸಿಲು. ಇದು ಚಳಿಗಾಲದ ಬೆಳೆ. ಹೂ ಬಿಡುವಾಗ 30 ಡಿಗ್ರಿ ದಾಟಿದರೆ ಹೂ ನಿಲ್ಲಲ್ಲ. ಮಾರ್ಚ್‌ನಲ್ಲಿ ನಮ್ಮ ತಾರಸಿಗಳು ಕಾದ ಹೆಂಚು, ಅಲ್ವಾ?

ನಾನೂ ಮೊದಲ ವರ್ಷ ಇದೇ ಮಾಡಿದ್ದೆ. ಹೂ ಉದುರಿದಾಗ ಗಿಡಕ್ಕೆ ಹಸಿವು ಅಂದುಕೊಂಡು ಕಡಲೆಕಾಯಿ ಹಿಂಡಿ ನೆನೆಸಿ ಸುರಿದೆ. ಎಲೆ ಕಡು ಹಸಿರಾಗಿ ಉಬ್ಬಿತು. ಕೊನೆಗೆ ಸಿಕ್ಕಿದ್ದು ಒಂದೇ ಕಾಯಿ, ಅದರಲ್ಲಿ ಎರಡು ಕಾಳು. ಇಬ್ಬರು ಮಕ್ಕಳಿಗೆ ಒಂದೊಂದು ಕೊಟ್ಟೆ! ಹಿಂಡಿಯಲ್ಲಿರೋ ಸಾರಜನಕ ಜಾಸ್ತಿಯಾದರೆ ಬರೀ ಎಲೆ ಅಂತ ಆಮೇಲೆ ಗೊತ್ತಾಯಿತು. ಬಿತ್ತುವಾಗ ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು.

ಈಗ ನಮ್ಮನೆ ಲೆಕ್ಕ ಸುಲಭ. ದೀಪಾವಳಿ ಮುಗಿದ ವಾರ ಬೀಜ, ಸಂಕ್ರಾಂತಿ ಹೊತ್ತಿಗೆ ಕಾಯಿ. ರಾತ್ರಿ ನೆನೆಸಿ, ಬೆಳಿಗ್ಗೆ ನೇರವಾಗಿ ಮಣ್ಣು ತುಂಬಿದ ಚೀಲಕ್ಕೇ ಹಾಕುತ್ತೇನೆ, ಒಂದು ಇಂಚು ಆಳ, ಮೂರು ಇಂಚಿಗೊಂದು. ಟ್ರೇನಲ್ಲಿ ಸಸಿ ಮಾಡಿ ಕಿತ್ತು ನೆಡಬೇಡಿ, ಬೇರು ಅಲುಗಿದರೆ ಗಿಡ ಸೊರಗುತ್ತದೆ. ಮೊಳಕೆ ಬರುವವರೆಗೆ ಮೇಲೊಂದು ಜಾಲರಿ ಇರಲಿ, ಇಲ್ಲಾಂದ್ರೆ ಬೀಜ ಅಳಿಲಿನ ಪಾಲು.

ಅಂಗಡಿ ಬಟಾಣಿ ಮೊಳೆಯುತ್ತದೆ, ನಿಜ. ಆದರೆ ಅದು ಒಣಗಿಸಿ ಬೇಯಿಸುವ ಜಾತಿ, ಹಸಿ ಕಾಳಿಗೆ ಆ ಸಿಹಿ ಇರಲ್ಲ. ಬೀಜದ ಅಂಗಡಿಯಲ್ಲಿ 'ಅರ್ಕೆಲ್' ಅನ್ನೋ ತಳಿ ಸಿಗುತ್ತದೆ. ಕಾಳು ಸುಕ್ಕುಸುಕ್ಕಾಗಿರುತ್ತದೆ, ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ, ಸಿಹಿ ಬಟಾಣಿಯ ಗುರುತೇ ಅದು. ಆದರೆ ಅದಕ್ಕೆ ಬೂದಿರೋಗ ಬೇಗ ಅಂಟುತ್ತದೆ, ಎಲೆ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಆ ತಲೆನೋವು ಬೇಡ ಅಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅಜಿತ್' ಹುಡುಕಿ. ಅದು ಬೂದಿರೋಗ, ತುಕ್ಕುರೋಗ ಎರಡನ್ನೂ ತಡೆಯುವ ತಳಿ.

ಬಳ್ಳಿ ಹಬ್ಬಿಸಲು ದಪ್ಪ ಬಿದಿರು ನೆಟ್ಟು ನಾನು ಸೋತಿದ್ದೇನೆ. ಬಟಾಣಿಯ ಕುಡಿ ದಾರದಷ್ಟು ಸಣ್ಣ, ದಪ್ಪ ಕೋಲನ್ನು ಸುತ್ತಿಕೊಳ್ಳಲು ಅದಕ್ಕೆ ಆಗಲ್ಲ. ಒಣಗಿದ ತೊಗರಿ ಕಡ್ಡಿ, ಕವಲು ಸಮೇತ, ಸುಮ್ನೆ ಚುಚ್ಚಿಬಿಡಿ. ಎರಡೇ ದಿನದಲ್ಲಿ ಹಿಡಿದುಕೊಳ್ಳುತ್ತದೆ.

ಇನ್ನೊಂದು ಮಾತು, ಆಸೆ ಇಟ್ಟುಕೊಳ್ಳುವ ಮುಂಚೆ. ನನಗೆ ಗಿಡಕ್ಕೆ ಹತ್ತು ಕಾಯಿ ಸಿಕ್ಕರೆ ಹೆಚ್ಚು. ಎರಡು ಚೀಲದಲ್ಲಿ ಪಲಾವ್ ಆಗಲ್ಲ. ಐದಾರು ಚೀಲ ಹಾಕಿ, ಬಲಿತ ಕಾಯಿ ದಿನ ಬಿಟ್ಟು ದಿನ ಬಿಡಿಸಿ. ಬಿಡಿಸಿದಷ್ಟೂ ಹೊಸ ಹೂ ಬರುತ್ತದೆ. ಬಿಡಿಸಿದ ದಿನವೇ ತಿನ್ನಿ, ಇಟ್ಟರೆ ಸಿಹಿಯೆಲ್ಲ ಹಿಟ್ಟಾಗುತ್ತದೆ. ನಮ್ಮನೆಯಲ್ಲಿ ಅರ್ಧ ಕಾಳು ಅಡುಗೆಮನೆ ಮುಟ್ಟೋದೇ ಇಲ್ಲ, ಮೆಟ್ಟಿಲಲ್ಲೇ ಖಾಲಿ.

ಈಗಿರುವ ಗಿಡಗಳನ್ನು ಕೀಳಬೇಡಿ, ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಲ್ಲೇ ಇರಲಿ. ಒಂದು ಬೇರು ಮಾತ್ರ ಕೆದಕಿ ನೋಡಿ, ಸಾಸಿವೆಯಷ್ಟು ಗಂಟುಗಳಿದ್ದು, ಚಿವುಟಿದರೆ ಒಳಗೆ ಗುಲಾಬಿ ಬಣ್ಣ ಕಂಡರೆ ಅವು ಗಾಳಿಯ ಸಾರಜನಕ ಹಿಡಿದಿವೆ ಅಂತ ಅರ್ಥ. ಅದೇ ಚೀಲಕ್ಕೆ ಈಗ ಬೆಂಡೆ ಹಾಕಿ. ಈ ಬಿಸಿಲು ಅದಕ್ಕೆ ಇಷ್ಟ.